ಪುಂಡಿ ದಂಟಿನ ಗ್ಯಾಸು

ನಮ್ಮ ಮಾವನವರು ಬಲು ಒಳ್ಳೆಯ ಮನುಷ್ಯರು ಎಂದು ಹಿರೇಕೆರೂರು ತಾಲೂಕಿನ ಆ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಒಳ್ಳೆಯವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೆಟ್ಟವರಾದರೆ ಬೈದಾದರೂ ಹಗುರಾಗಬಹುದು. ಇವರನ್ನು ಬೈಯುವುದಿರಲಿ, ಇವರ ಎದುರು ನಿಂತು ಒಂದು ಮಾತಾಡುವ ಹಾಗೂ ನನಗಿರಲಿಲ್ಲ.

ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಚ್ಚರ ಸಂತೆಯಂತೆ ಕಾಣುತ್ತದೆ. ನಾನು ಸವಣೂರು ಕಡೆಯ ಹೆಣ್ಣು. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಈ ಊರಿಗೆ ಬಂದೆ. ನನ್ನ ತವರಿನಲ್ಲಿ ಮಾವ ಸೊಸೆ ಅಗತ್ಯಕ್ಕೆ ತಕ್ಕಷ್ಟು ಮಾತಾಡುತ್ತಿದ್ದರು. ಈ ಮನೆಯಲ್ಲಿ ಅದು ಇಲ್ಲವೇ ಇಲ್ಲ. ಮಾವನವರು ಪಡಸಾಲೆಗೆ ಬರುವ ಮುಂಚೆ ಒಮ್ಮೆ ಕೆಮ್ಮುತ್ತಾರೆ, ನಾನು ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಹೋಗಬೇಕು. ಅಡುಗೆಮನೆಯ ಹೊಸ್ತಿಲನ್ನು ಅವರು ದಾಟುವ ಹಾಗಿಲ್ಲ, ಯಾಕೆಂದರೆ ಒಳಗೆ ಸೊಸೆ ಇದ್ದಾಳೆ. ನನಗೆ ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಉತ್ತರವೂ ಅದೇ ದಾರಿ ಹಿಡಿದು ಬರಬೇಕು. ಮೂವರೂ ಕೂಗಳತೆಯಲ್ಲೂ ಅಲ್ಲ, ಪಿಸುಗುಟ್ಟಿದರೆ ಕೇಳುವಷ್ಟು ಹತ್ತಿರ ಇರುತ್ತಿದ್ದೆವು. ಮೂವರ ಕಿವಿಯೂ ಸರಿಯಾಗಿಯೇ ಇದ್ದವು.

ಹೋಗಲಿ, ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುವವರಾದರೂ ನಡುವೆ ಇದ್ದಿದ್ದರೆ ನಡೆಯುತ್ತಿತ್ತು. ನಮ್ಮ ಅತ್ತೆಯ ಕೈಗೆ ಕೊಟ್ಟ ಮಾತು ಜರಡಿಗೆ ಹಾಕಿದ ಹಿಟ್ಟಿನಂತೆ ಇಳಿಯುತ್ತಿತ್ತು. ತರಿಯೆಲ್ಲ ಮೇಲೆ ಉಳಿದು, ನುಣ್ಣಗಿದ್ದಷ್ಟೇ ಮಾವನವರ ಕಿವಿಗೆ ಬೀಳುತ್ತಿತ್ತು. "ಉಪ್ಪು ಮುಗದು ಎಷ್ಟ ದಿನ ಆತು, ಸಪ್ಪನ ಸಾರು ಉಣ್ಣಾಕ ಬ್ಯಾಸರಾಗಿಲ್ಲೇನು ಕೇಳ್ರಿ" ಎಂದು ನಾನು ಸಿಡುಕಿದರೆ, ಅತ್ತೆ ಪಡಸಾಲೆಗೆ ಹೋಗಿ, "ಸಂತಿಗೆ ಹೋದಾಗ ನೆನಪಾದ್ರ ಒಂದೀಟ ಉಪ್ಪು ತರ್ರಿ" ಎನ್ನುತ್ತಿದ್ದರು. ಅವರಿಗೆ ನೆನಪಾಗುತ್ತಿರಲಿಲ್ಲ. ಗಂಡನಿಗೆ ಬೇಸರವಾಗುವ ಒಂದು ಮಾತು ತನ್ನ ಬಾಯಿಂದ ಬರಬಾರದು ಎಂದು ಆಕೆ ಯಾವ ಕಾಲದಲ್ಲಿ ಆಣೆ ಮಾಡಿದ್ದರೋ ಕಾಣೆ.

ಅತ್ತೆಗೆ ದಮ್ಮು ಇತ್ತು. ಒಲೆಯ ಹೊಗೆಯಲ್ಲಿ ಆಯುಷ್ಯ ಕಳೆದ ಹೆಂಗಸಿಗೆ ಇನ್ನೇನು ಬರಬೇಕು. ಚಳಿಗಾಲ ಬಂತೆಂದರೆ ಮಲಗಲು ಆಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದರು. ಹಾವೇರಿಯ ಡಾಕ್ಟರು ಮಾತ್ರೆ ಕೊಟ್ಟು, "ಮಾತ್ರೆ ಮ್ಯಾಲಿನ ಮಾತು. ಮೊದಲ ಹೊಗಿ ಬಿಡಸ್ರಿ. ಇಲ್ಲಂದ್ರ ಈ ಉಸಿರು ಭಾಳ ದಿನ ಬರಾಂಗಿಲ್ಲ" ಎಂದರು. ಆ ಮಾತು ಮಾವನವರ ಎದೆಗೆ ನಾಟಿತು. ಅದೇ ವರ್ಷ ಶಿಗ್ಗಾವಿಯಲ್ಲಿ ರೈತರಿಗೆ ಏನೋ ತರಬೇತಿ ನಡೆಯಿತು. ಅಲ್ಲಿಗೆ ಹೋದವರು ಸಗಣಿಯಿಂದ ಒಲೆ ಉರಿಯುವುದನ್ನು ಕಂಡು, ಊಟವನ್ನೂ ಮರೆತು ಬಂದು, ಮರುದಿನವೇ ಹಿತ್ತಲಲ್ಲಿ ಗುಂಡಿ ತೋಡಿಸಲು ನಿಂತರು.

ಅವರ ಒಳ್ಳೆಯತನ ಎಂದರೆ ಇದು. ಹೆಂಡತಿಗೆ ಉಸಿರಾಡಲು ಆಗಲಿ ಎಂದು ಮಳೆಗಾಲಕ್ಕೆ ಮುಂಚೆ ಅಷ್ಟು ದೊಡ್ಡ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ ಗಂಡಸು ನಮ್ಮ ಸುತ್ತಲ ಊರುಗಳಲ್ಲಿ ಇನ್ನೊಬ್ಬ ಇರಲಿಲ್ಲ. ಗುಂಡಿಯ ಬಾಯಿಗೆ ಬೋರಲು ಹಾಕಿದ ಕಬ್ಬಿಣದ ಡ್ರಮ್. ಗ್ಯಾಸು ತುಂಬಿದಂತೆ ಅದು ಮೇಲೇಳುತ್ತದೆ, ಒಲೆ ಉರಿದಂತೆ ಕೆಳಗಿಳಿಯುತ್ತದೆ. ದಿನವೂ ಎಮ್ಮೆ ಎತ್ತುಗಳ ಸಗಣಿಯನ್ನು ನೀರಲ್ಲಿ ಕದಡಿ ಹೊಯ್ದರಾಯಿತು. ಮೊದಲ ದಿನ ಒಲೆಯಲ್ಲಿ ನೀಲಿ ಉರಿ ಎದ್ದಾಗ ಅತ್ತೆ ಅದಕ್ಕೆ ಕುಂಕುಮ ಹಚ್ಚಲು ಹೋಗಿ ಬೆರಳು ಸುಟ್ಟುಕೊಂಡರು. ಆ ಚಳಿಗಾಲ ಅವರು ನೆಲಕ್ಕೆ ಬೆನ್ನು ಹಚ್ಚಿ ನಿದ್ದೆ ಮಾಡಿದರು. ನಾನು ಎದ್ದು ಎದ್ದು ನೋಡುತ್ತಿದ್ದೆ, ಅಷ್ಟು ಸದ್ದಿಲ್ಲದೆ ಅವರು ಮಲಗಿದ್ದನ್ನು ಮೊದಲು ಕಂಡಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡುವ ಜಾಯಮಾನ ಮಾವನವರದಲ್ಲ.

ಪುಂಡಿ ಎಂದರೆ ನಮ್ಮ ಕಡೆ ಹೆಂಗಸರ ಬೆಳೆ. ಜೋಳದ ಹೊಲದಲ್ಲಿ ನಡುನಡುವೆ ಒಂದೆರಡು ಸಾಲು ಹಾಕುತ್ತಾರೆ. ಎಳೆಯ ಎಲೆ ಕಿತ್ತು ಪಲ್ಯ ಮಾಡುತ್ತೇವೆ. ಹೂವು ಬರುವ ಹೊತ್ತಿಗೆ ಗಿಡ ಕೊಯ್ದು ಹಳ್ಳದಲ್ಲಿ ಕೊಳೆಹಾಕಿ, ನಾರು ಸುಲಿದು ಹಗ್ಗ ಹೊಸೆಯುವುದು ಗಂಡಸರ ಕೆಲಸ. ಬಿತ್ತಲಿಕ್ಕೆ ಬೇಕಾದಷ್ಟು ಬೀಜಕ್ಕೆ ಮಾತ್ರ ಕೆಲವು ಗಿಡ ಬಿಡುತ್ತೇವೆ. ಶಿಗ್ಗಾವಿಗೆ ಎರಡನೇ ಸಲ ಹೋದಾಗ ಮಾವನವರಿಗೆ ಯಾರೋ ಹೇಳಿದರಂತೆ, ಪುಂಡಿ ಬೀಜದಲ್ಲಿ ಎಣ್ಣೆ ಇದೆ, ಸಾಬೂನಿಗೆ, ಬಣ್ಣಕ್ಕೆ ಬೇಕು, ಮುಂದೆ ಎಣ್ಣೆಯವರು ಹೊಲದ ಬದುವಿಗೇ ಬಂದು ನಿಲ್ಲುತ್ತಾರೆ ಎಂದು. ಯಾರು ಹಾಗೆ ಹೇಳಿದ ಪುಣ್ಯಾತ್ಮ ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ನಾನೇ ಶಿಗ್ಗಾವಿ ಬಸ್ಸು ಹತ್ತುತ್ತಿದ್ದೆ.

ಹತ್ತಿ ಬೆಳೆಯುತ್ತಿದ್ದ ಕೆಳಗಿನ ಹೊಲಕ್ಕೆ ಆ ವರ್ಷ ಪೂರ್ತಿ ಪುಂಡಿ ಬಿತ್ತಿದರು. ಊರವರು ನಿಂತು ನೋಡಿ ಹೋದರು. "ಏನ್ರಿ ಯಜಮಾನ್ರ, ಸುತ್ತ ಹಳ್ಳಿಗೆಲ್ಲ ಪುಂಡಿಪಲ್ಲೆ ಊಟ ಹಾಕಸಾವ್ರ ಅದೀರೇನು?" ಎಂದು ಕೆಣಕಿದರು. ಬೀಜಕ್ಕಾಗಿ ಬಿಟ್ಟ ಗಿಡ ಆಳೆತ್ತರ ಮೀರಿ ಬೆಳೆದು, ಕಟ್ಟಿಗೆಯಂತೆ ಗಟ್ಟಿಯಾಗಿ ನಿಂತಿತು. ಕಾಯಿಯ ಮೇಲಿನ ಸಣ್ಣ ಮುಳ್ಳುಗೂದಲು ಬಡಿಯುವಾಗ ಮೈಗೆಲ್ಲ ಹತ್ತಿ ನಾವು ಹೆಂಗಸರು ತುರಿಸಿಕೊಂಡೇ ಸತ್ತೆವು. ಅಷ್ಟೆಲ್ಲ ಆಗಿ ಗಾಣದಿಂದ ಬಂದ ಎಣ್ಣೆಯನ್ನು ಹಿರೇಕೆರೂರಿನ ವ್ಯಾಪಾರಿ ಬೆರಳಿಗೆ ಹಚ್ಚಿ ಮೂಸಿ, "ದೀಪಕ್ಕ ಹಾಕ್ರಿ, ಛಲೋ ಉರಿತೈತಿ" ಎಂದು ಡಬ್ಬಿಯನ್ನು ಹಿಂದಕ್ಕೆ ತಳ್ಳಿದನಂತೆ. ಡಬ್ಬಿಗಳು ಮನೆಗೆ ಬಂದವು. ದೀಪಕ್ಕೆ ಹಾಕಿದೆವು. ದೀಪದ ಗೂಡಿನ ಗೋಡೆ ಕಪ್ಪಾಯಿತು.

ಎಣ್ಣೆಯ ಮಾತು ಅಲ್ಲಿಗೆ ತಣ್ಣಗಾಗುತ್ತಿತ್ತೇನೋ. ಉಳಿದದ್ದು ದಂಟು. ಬೀಜ ಬಲಿತ ಗಿಡದ ನಾರು ಹಗ್ಗಕ್ಕೂ ಬರುವುದಿಲ್ಲ, ದನ ಮೂಸಿಯೂ ನೋಡುವುದಿಲ್ಲ. ಹಿತ್ತಲಲ್ಲಿ ಮನೆಯೆತ್ತರ ಬಣವೆ ಬಿತ್ತು. ಯಾವುದನ್ನೂ ಬಿಸಾಡಲಾಗದ ಮನುಷ್ಯ ನಮ್ಮ ಮಾವ. ಹರಿದ ಚಪ್ಪಲಿಯ ಮೊಳೆಯನ್ನೂ ಕಿತ್ತು ಡಬ್ಬಿಗೆ ಹಾಕಿಡುವವರು. ಆ ಬಣವೆಯನ್ನು ನೋಡುತ್ತ ನೋಡುತ್ತ ಅವರ ತಲೆಯಲ್ಲಿ ಒಂದು ಲೆಕ್ಕ ಕುದುರಿತು. ಅದನ್ನು ಅವರು ಪಡಸಾಲೆಯಲ್ಲಿ ಕುಳಿತು ಅತ್ತೆಗೆ ವಿವರಿಸಿದ್ದನ್ನು ನಾನು ಬಾಗಿಲ ಹಿಂದಿನಿಂದ ನನ್ನ ಕಿವಿಯಾರೆ ಕೇಳಿದೆ.

"ನೋಡ, ಎಮ್ಮಿ ತಿನ್ನೋದು ಏನು? ಕಡ್ಡಿ, ಸೊಪ್ಪಿ. ಅದರ ಹೊಟ್ಟ್ಯಾಗ ಹೋಗಿ ಅದ ಹೆಂಡಿ ಆಕ್ಕೈತಿ. ಆ ಹೆಂಡಿ ಗುಂಡ್ಯಾಗ ಬಿದ್ದು ಗ್ಯಾಸು ಆಕ್ಕೈತಿ. ಅಂದಮ್ಯಾಲೆ ಕಡ್ಡೀನ ಸೀದಾ ಗುಂಡಿಗೆ ಹಾಕಿದ್ರ ನಡುವ ಎಮ್ಮಿ ಯಾಕ ಬೇಕು? ಹೆಂಡಿ ಎಲ್ಲಾ ಹೊಲಕ್ಕ ಉಳೀತೈತಿ."

"ಹೂನ್ರಿ," ಎಂದರು ಅತ್ತೆ.

ಅವರು ಒಳಗೆ ಬಂದಾಗ ನಾನು, "ಎಮ್ಮಿ ಇಲ್ದ ಹಾಲೂ ಕರಕೊಳ್ಳಾಕ ಹೇಳ್ರಿ ಹಂಗಾರ. ಚಲೋ ನಡ್ಯಾಕತ್ತೈತಿ, ಅದನ್ಯಾಕ ಕೆಡಸ್ತಾರ? ಬ್ಯಾಡ ಅಂತ ಹೇಳ್ರಿ" ಎಂದೆ. ಅತ್ತೆ ಹೋಗಿ ಹೇಳಿದ್ದು ಇಷ್ಟು: "ಸೊಸೀನೂ ಆಗ್ಲಿ ಅಂದ್ಲು." ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲ ಹಿಂದೆ ನಿಂತು ಸೆರಗನ್ನು ಹಲ್ಲಿನಿಂದ ಕಚ್ಚಿಕೊಂಡೆ.

ದಂಟು ಕೊಚ್ಚುವ ಕೆಲಸ ನನಗೇ ಬಂತು. ಮೊದಮೊದಲು ಸ್ವಲ್ಪ ಸಗಣಿಯ ಜೊತೆ ದಂಟು ಹಾಕಿದರು. ಆಮೇಲೆ ಸಗಣಿ ಕಡಿಮೆಯಾಯಿತು, ಆಮೇಲೆ ಬರೀ ದಂಟು. ಕೆಲವು ವಾರ ಹಳೆಯ ಸಗಣಿಯ ಋಣದಲ್ಲಿ ಒಲೆ ಉರಿಯಿತು. ಬಳಿಕ ಉರಿ ಹಳದಿಗೆ ತಿರುಗಿತು, ಹೆಂಚು ಕಾಯುವ ಮುಂಚೆಯೇ ಆರಿತು, ಕೊನೆಗೆ ಒಂದು ಮುಂಜಾನೆ ಕಡ್ಡಿ ಗೀರಿದರೆ ಪುಸ್ ಎಂದು ನಿಂತೇ ಹೋಯಿತು. ಆದರೆ ನೋಡಿ ಹಣೆಬರಹ, ಡ್ರಮ್ ಮಾತ್ರ ಕೆಳಗಿಳಿಯಲಿಲ್ಲ. ಕೊಚ್ಚಿದ ದಂಟೆಲ್ಲ ಮೇಲೆ ತೇಲಿ, ಒಂದಕ್ಕೊಂದು ಹೆಣೆದುಕೊಂಡು ಡ್ರಮ್ಮಿನ ಅಡಿಯಲ್ಲಿ ಗಟ್ಟಿ ಹಾಸಿಗೆಯಾಗಿತ್ತು. ಡ್ರಮ್ ಅದರ ಮೇಲೆ ಒಂದಿಷ್ಟು ವಾಲಿಕೊಂಡು ಆರಾಮಾಗಿ ಕುಳಿತಿತ್ತು. ಗುಂಡಿಯ ಸಂದಿಯಲ್ಲಿ ಬಗ್ಗಿ ನೋಡಿದರೆ ನನಗೆ ಕಾಣುತ್ತಿತ್ತು. ಮಾವನವರು ದೂರದಿಂದ ಡ್ರಮ್ಮಿನ ಎತ್ತರ ನೋಡಿ, ಗ್ಯಾಸು ತುಂಬಿ ತುಳುಕುತ್ತಿದೆ ಎಂದು ಹಿಗ್ಗುತ್ತಿದ್ದರು. ಸಗಣಿ ಹಾಕುತ್ತಿದ್ದಾಗ ಡ್ರಮ್ ಇಷ್ಟು ಎತ್ತರ ಎಂದೂ ಎದ್ದಿರಲಿಲ್ಲವಲ್ಲ!

ಅದೇ ಮುಂಜಾನೆ ಹೇಳಿಬಿಡಬಹುದಿತ್ತು. ಆದರೆ ಅದೇ ಮುಂಜಾನೆ ಹಾನಗಲ್ ಕಡೆಯ ಇಬ್ಬರು ರೈತರು ಸುದ್ದಿ ಕೇಳಿ ನೋಡಲು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಮಾವನವರು ಹೊಸ್ತಿಲ ಆಚೆಯಿಂದ ಕೂಗಿ ಕೇಳಿದರು: "ಒಲಿ ಉರಿಯಾಕತ್ತೈತೇನ?" ಅತ್ತೆ ಆರಿದ ಒಲೆಯ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ಕುಳಿತಿದ್ದರು. ನನ್ನ ಮುಖ ನೋಡಿದರು. ಬಾಗಿಲ ಕಡೆ ನೋಡಿದರು. "ಹೂನ್ರಿ, ಛಲೋ ಉರಿಯಾಕತ್ತೈತಿ," ಎಂದರು.

ನಾನು ಹಣೆ ಚಚ್ಚಿಕೊಂಡೆ. "ಇದೇನ್ ಅತ್ತಿ?" ಎಂದರೆ, "ಮಂದಿ ಮುಂದ ಇಲ್ಲ ಅನ್ಲೇನ? ಅವರು ಹೋಗ್ಲಿ, ಸಾವಕಾಶ ಹೇಳ್ತೇನಿ" ಎಂದರು. ಆ ಮಂದಿ ಹೋದರು. ಅವರ ಬೆನ್ನಿಗೆ ಬೇರೆ ಮಂದಿ ಬಂದರು. ಒಮ್ಮೆ ಉರಿಯುತ್ತಿದೆ ಎಂದ ಮೇಲೆ, ಉರಿಯುತ್ತಿಲ್ಲ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ.

ಇನ್ನು ಅಡುಗೆ ಎಲ್ಲಿ ಮಾಡುವುದು? ಹಳೆಯ ಒಲೆಯನ್ನು ಮಾವನವರೇ ಒಡೆಸಿ ಹಾಕಿದ್ದರು. ಉಳಿದದ್ದು ಬಚ್ಚಲಲ್ಲಿ ನೀರು ಕಾಯಿಸುವ ಒಲೆ. ಅದರಲ್ಲಿ ಹೊಗೆ ಎದ್ದರೆ ಯಾರೂ ಕೇಳುವುದಿಲ್ಲ. ಮಾವನವರು ಮುಂಜಾನೆ ಸ್ನಾನ ಮುಗಿಸಿ ಪಡಸಾಲೆಗೆ ಹೋದ ಮೇಲೆ ಅತ್ತೆ ಆ ಒಲೆಯ ಮೇಲೆ ಹೆಂಚು ಇಡುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ಅಡುಗೆಮನೆಯಿಂದಲೇ ಕೇಳಬೇಕಲ್ಲ, ಅದಕ್ಕೆ ನಾನು ಇಲ್ಲಿ ಕುಳಿತು ಬಡಿಯುವುದು, ಬಡಿದ ರೊಟ್ಟಿಯನ್ನು ಮೊರದಲ್ಲಿ ಹೊತ್ತು ಹಿಂದಿನ ಬಾಗಿಲಿಂದ ಬಚ್ಚಲಿಗೆ ಓಡುವುದು. ಕಿಟಕಿಯೂ ಇಲ್ಲದ ಆ ಗೂಡಿನಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕುಳಿತು ಬೇಯಿಸುತ್ತಿದ್ದರು. ಒಲೆಗೆ ಹಾಕುತ್ತಿದ್ದುದು ಏನು? ಅದೇ ಪುಂಡಿ ದಂಟು! ಒಣಗಿದ್ದು, ಪಟಪಟನೆ ಉರಿಯುತ್ತಿತ್ತು. ನಮ್ಮ ಮನೆಯ ಅಡುಗೆ ಪುಂಡಿ ದಂಟಿನಿಂದ ಆಗುತ್ತದೆ ಎಂದು ಮಾವನವರು ಊರೂರಲ್ಲಿ ಹೇಳಿಕೊಂಡು ತಿರುಗಿದ್ದರಲ್ಲಿ ಅಷ್ಟರಮಟ್ಟಿಗೆ ಸುಳ್ಳೇನೂ ಇರಲಿಲ್ಲ.

ಜಾಗ ಬದಲಿಸೋಣ, ಒಲೆಯ ಮುಂದೆ ನಾನು ಕೂರುತ್ತೇನೆ ಎಂದು ನಾನು ಎಷ್ಟು ಸಲ ಜಗಳ ತೆಗೆದೆ. "ನೀ ಬಚ್ಚಲದಾಗ ಒಲಿ ಮುಂದ ಕುಂತದ್ದು ಅವರ ಕಣ್ಣಿಗೆ ಬಿದ್ರ?" ಎಂದು ಅತ್ತೆ. "ನಿಮ್ಮ ಉಸಿರು ನಿಂತ್ರ?" ಎಂದು ನಾನು. "ನಿಲ್ಲಾಂಗಿಲ್ಲ ಬಿಡು. ಬಣವಿ ಮುಗೀಲಿ, ಆಮ್ಯಾಲೆ ತಾವ ಹೆಂಡಿ ಹಾಕ್ತಾರ," ಎಂದು ಕೆಮ್ಮುತ್ತಲೇ ಸಮಾಧಾನ ಹೇಳುತ್ತಿದ್ದರು. ಮಾವನವರು ಒಮ್ಮೆ ಬಚ್ಚಲ ಹೊಗೆ ನೋಡಿ ಕೇಳಿದರೆ, "ಬಟ್ಟಿ ಕುದಿಸಾಕತ್ತೇವ್ರಿ" ಎಂದರು. ಮಾವನವರು ತಮ್ಮ ಧೋತರ ನೋಡಿಕೊಂಡು ಮೆಚ್ಚಿದರು. ಊಟಕ್ಕೆ ಕುಳಿತಾಗ, "ಗ್ಯಾಸಿನ ರೊಟ್ಟಿ ರುಚೀನ ಬ್ಯಾರೆ" ಎಂದು ಇನ್ನೊಂದು ಹಾಕಿಸಿಕೊಂಡರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು. ಚಳಿ ಶುರುವಾಗುವ ಮುಂಚೆಯೇ ಅತ್ತೆ ಮತ್ತೆ ಗೋಡೆಗೆ ಒರಗಿ ಕೂರತೊಡಗಿದ್ದರು.

ನಾನು ಸುಮ್ಮನೆ ಕುಳಿತವಳಲ್ಲ. ಈ ಮನೆಯ ಕಟ್ಟಳೆಯಲ್ಲಿ ಸೊಸೆಗೆ ಒಂದು ಕಳ್ಳದಾರಿ ಇತ್ತು. ಮಾವನಿಗೆ ಹೇಳಬಾರದು ನಿಜ, ಎಮ್ಮೆಗೆ ಹೇಳಬಹುದು. ಒಂದು ಸಂಜೆ ಮಾವನವರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ನಾನು ಎಮ್ಮೆಯ ಮುಂದೆ ನಿಂತು ಗಟ್ಟಿಯಾಗಿ, "ಏ ಎಮ್ಮಿ, ಹೊಟ್ಟಿ ತುಂಬ ಒಣ ಕಡ್ಡಿ ತುರುಕಿದ್ರ ಉಸಿರು ಹೆಂಗ ಬರಬೇಕ? ನಿನ್ನ ಗೋಳು ಯಾರ ಕೇಳಬೇಕ?" ಎಂದೆ. ಮಾವನವರು ಎಮ್ಮೆಯ ಕಡೆ ಒಮ್ಮೆ ನೋಡಿ ಹೊರಗೆ ಹೋದರು. ಕೇಳಿಸಿತು, ಗೆದ್ದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಹೊರೆ ಹಸಿ ಹುಲ್ಲು ತಂದು ಎಮ್ಮೆಯ ಮುಂದೆ ಹಾಕಿ, ಅದರ ಬೆನ್ನು ಸವರಿ ಹೋದರು. ಎಮ್ಮೆಗೆ ಲಾಭವಾಯಿತು.

ನಮ್ಮ ಯಜಮಾನರು ಹಾನಗಲ್ಲಿನಲ್ಲಿ ಒಂದು ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ನಿಮ್ಮ ತಾಯಿ, ನಿಮ್ಮ ತಂದೆ, ನೀವೇ ಹೇಳಿ ಎಂದೆ. ಅವರು ತಲೆ ಕೆರೆದುಕೊಂಡು, "ಅಪ್ಪನ ಮುಂದ ನಿಂತು ನೀ ಮಾಡಿದ್ದು ತಪ್ಪು ಅಂತ ನಾ ಹೆಂಗ ಹೇಳ್ಲಿ? ಹಾನಗಲ್ಲದಾಗ ಮಂದಿ ನಿಮ್ಮಪ್ಪ ಭಾಳ ದೊಡ್ಡ ಕೆಲಸ ಮಾಡ್ಯಾರ ಅಂತ ನನ್ನ ಕರದು ಚಾ ಕುಡಸಾಕತ್ತಾರ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅವ್ವನ ಹೇಳ್ತಾಳ ತಗೊ" ಎಂದು ಮಗ್ಗಲು ಬದಲಿಸಿದರು. ಅವ್ವ ಹೇಳುವವಳಾಗಿದ್ದರೆ ನಾನು ನಿಮ್ಮ ಕಾಲು ಯಾಕೆ ಹಿಡಿಯುತ್ತಿದ್ದೆ ಎಂದು ಕೇಳುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮಾವನವರ ಹೆಸರು ಮಾತ್ರ ಹಬ್ಬುತ್ತ ಹೋಯಿತು. ಶಿಗ್ಗಾವಿಯಿಂದ ಬಂದರು, ಹಾನಗಲ್ಲಿನಿಂದ ಬಂದರು. ಬಂದವರೆಲ್ಲ ಹಿತ್ತಲಲ್ಲಿ ನಿಂತು ಡ್ರಮ್ಮಿನ ಎತ್ತರ ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಅಡುಗೆಮನೆಗೆ ಪರಗಂಡಸರು ಹೋಗುವ ಮಾತೇ ಇಲ್ಲ, ಹೀಗಾಗಿ ಒಲೆಯನ್ನು ಕಂಡವರು ಒಬ್ಬರೂ ಇಲ್ಲ. ಕೊನೆಗೆ ಮಾವನವರು ಅತ್ತೆಯ ಕೈಯಲ್ಲಿ ನನಗೆ ಹೇಳಿಕಳಿಸಿದರು: ಮುಂದಿನ ತಿಂಗಳು ಸವಣೂರಿಗೆ ಹೋಗಿ ನನ್ನ ತವರಿನವರಿಗೂ ಇದನ್ನು ಹೇಳಿಕೊಟ್ಟು ಬರುತ್ತಾರಂತೆ. ನಮ್ಮ ಅಣ್ಣನಿಗೂ ಪುಂಡಿ ಬಿತ್ತಿಸುತ್ತಾರಂತೆ. ನಮ್ಮವ್ವನನ್ನೂ ಬಚ್ಚಲಲ್ಲಿ ಕೂರಿಸುವವರೆಗೆ ಇವರು ಬಿಡುವುದಿಲ್ಲ ಎನಿಸಿತು ನನಗೆ.

ಅದಕ್ಕೆ ಮುಂಚೆ ಇನ್ನೊಂದು ಗುಂಪು ಬಂತು. ಹಾನಗಲ್ ಕಡೆಯ ಏಳೆಂಟು ಜನ ರೈತರು ಬಾಡಿಗೆ ಜೀಪು ಮಾಡಿಕೊಂಡು ಬಂದಿದ್ದರು. ಮಾವನವರು ಹಿಗ್ಗಿನಲ್ಲಿ ಎಲ್ಲರಿಗೂ ಊಟ ಹೇಳಿದರು. "ಗ್ಯಾಸಿಗೇನು ಕಡಿಮಿ ಐತಿ? ಎಷ್ಟ ರೊಟ್ಟಿ ಬೇಕು ಅಷ್ಟು ಸುಡ್ತಾರ," ಎಂದು ಪಡಸಾಲೆಯಲ್ಲಿ ಹೇಳಿದ್ದು ಒಳಗೆ ಕೇಳಿಸಿತು. ಅತ್ತೆ ಹೆಂಚು ಎತ್ತಿಕೊಂಡು ಬಚ್ಚಲಿಗೆ ನಡೆದರು. ಅವತ್ತು ಅವರ ಎದೆ ಬೆಳಗಿನಿಂದಲೇ ಸುಂಯ್ ಸುಂಯ್ ಎನ್ನುತ್ತಿತ್ತು. ನಾನು ತಡೆದರೆ ಕೈ ಕೊಡವಿದರು. ನಾನು ಬಡಿದೆ, ಹೊತ್ತೊಯ್ದೆ, ಬಂದೆ, ಮತ್ತೆ ಬಡಿದೆ. ಒಂದು ಸಲ ಮೊರ ಹಿಡಿದು ಹೋದಾಗ ಹೆಂಚಿನ ಮೇಲಿನ ರೊಟ್ಟಿ ಕರ್ರಗೆ ಸೀದುಹೋಗಿತ್ತು. ಅತ್ತೆ ಗೋಡೆಗೆ ತಲೆ ಆನಿಸಿ ಬಾಯಿ ತೆರೆದು ಕುಳಿತಿದ್ದರು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ಕಪ್ಪಿಟ್ಟಿತ್ತು. ಕಣ್ಣು ನನ್ನನ್ನು ನೋಡುತ್ತಿದ್ದವು, ಆ ಸ್ಥಿತಿಯಲ್ಲೂ ಹೇಳಬೇಡ ಎನ್ನುವಂತೆ ಕೈ ಆಡಿಸಿದರು.

ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಮೊರವನ್ನು ಅಲ್ಲೇ ಎಸೆದು, ಅಡುಗೆಮನೆ ದಾಟಿ, ಹೊಸ್ತಿಲು ದಾಟಿ, ಅಷ್ಟು ಜನ ಗಂಡಸರ ನಡುವೆ ಹೋಗಿ ಮಾವನವರ ಎದುರು ನಿಂತೆ. ಸೆರಗು ಎಲ್ಲಿತ್ತೋ ಗೊತ್ತಿಲ್ಲ, ಕೈ ಹಿಟ್ಟಾಗಿತ್ತು.

"ಗ್ಯಾಸು ಇಲ್ರಿ!" ಎಂದೆ. "ಬ್ಯಾಸಗಿಯಿಂದ ಇಲ್ಲ. ನಿಮ್ಮ ಡ್ರಮ್ಮು ಕಡ್ಡಿ ಮ್ಯಾಲೆ ಕುಂತೈತಿ. ಇಷ್ಟ ದಿನ ಬಚ್ಚಲ ಒಲಿ ಮ್ಯಾಲೆ ಸುಟ್ಟ ರೊಟ್ಟಿ ತಿಂದೀರಿ. ಅತ್ತಿ ಅಲ್ಲಿ ಉಸಿರು ಕಟ್ಟಿ ಬಿದ್ದಾರ, ಏಳ್ರಿ!"

ಮಾವನವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಎದ್ದವರು ನಾನು ಬಂದ ದಾರಿಯಲ್ಲೇ, ಹೊಸ್ತಿಲು ದಾಟಿ, ಅಡುಗೆಮನೆಯೊಳಗಿಂದ ಬಚ್ಚಲಿಗೆ ಹೋದರು. ನೀಲಿ ಉರಿಯಿಲ್ಲದ ಒಲೆಯ ಮುಂದೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದು, ಬಂದ ರೈತರ ಜೀಪಿನಲ್ಲೇ ಹಿರೇಕೆರೂರಿಗೆ ಒಯ್ದರು. ಸೂಜಿ ಹಾಕಿದ ಮೇಲೆ ಉಸಿರು ತಿರುಗಿತಂತೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಅತ್ತೆ ಮನೆಗೆ ಬರುವಷ್ಟರಲ್ಲಿ ಮಾವನವರು ಆಳುಗಳನ್ನು ಕರೆದು ಡ್ರಮ್ ಎತ್ತಿಸಿದ್ದರು. ಕೊಳೆತ ದಂಟಿನ ಹಾಸಿಗೆಯನ್ನು ತಾವೇ ನಿಂತು ಕೀಳಿಸಿದರು. ಗಬ್ಬುನಾತಕ್ಕೆ ಇಡೀ ಓಣಿಯೇ ಮೂಗು ಮುಚ್ಚಿಕೊಂಡಿತು. ಕೆಣಕಲು ಬಂದವರು ಅವರ ಮುಖ ನೋಡಿ ಕೆಣಕದೆ ಹೋದರು. ಗುಂಡಿಗೆ ಮತ್ತೆ ಸಗಣಿ ಬಿತ್ತು. ಕೆಲವು ವಾರಕ್ಕೆ ಒಲೆಯಲ್ಲಿ ನೀಲಿ ಉರಿ ಬಂತು. ಮುಂದಿನ ವರ್ಷ ಕೆಳಗಿನ ಹೊಲಕ್ಕೆ ಹತ್ತಿಯೂ ಬಂತು.

ಇನ್ನಾದರೂ ಈ ಮನೆಯಲ್ಲಿ ಮಾತು ನೆಟ್ಟಗಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿ! ಅತ್ತೆ ಬಂದ ದಿನವೇ ನನ್ನ ಮೇಲೆ ಮುನಿದರು. "ಮಂದಿ ಮುಂದ ಅವರ ಮಾನ ಕಳದಿ," ಎಂದರು. ಜೀವ ಉಳಿದದ್ದರ ಮಾತು ಇಲ್ಲ. ಮಾವನವರು ಮಾನ ಹೋದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆದರೆ ಅತ್ತೆಯನ್ನು ಏನೂ ಕೇಳುವುದನ್ನೇ ಬಿಟ್ಟರು. ಬೆಳಿಗ್ಗೆ ಹೊಸ್ತಿಲ ಹತ್ತಿರ ಬಂದು ಕೆಮ್ಮುತ್ತಾರೆ. "ಏನವಾ, ಒಲಿ ಉರಿಯಾಕತ್ತೈತೇನು?" ಎಂದು ಈಗ ನನ್ನನ್ನೇ ನೇರವಾಗಿ ಕೇಳುತ್ತಾರೆ. ಒಲೆಯ ಮುಂದೆಯೇ ಕುಳಿತ ಅತ್ತೆ, "ಹೂನ್ರಿ, ಉರಿಯಾಕತ್ತೈತಿ" ಎಂದರೆ ಕೇಳಿಸದವರಂತೆ ನಿಲ್ಲುತ್ತಾರೆ. ನಾನು ಹೌದು ಎನ್ನುವವರೆಗೆ ಕದಲುವುದಿಲ್ಲ. ಅತ್ತೆಯ ಮುಖ ಸಣ್ಣಗಾಗುತ್ತಿತ್ತು. ಆಮೇಲೆ ಅವರೂ ಹೇಳುವುದನ್ನು ಬಿಟ್ಟರು. "ಉಂಡ್ರೋ ಇಲ್ಲೋ ಕೇಳು," "ಧೋತರ ಒಗದೈತಿ ಅಂತ ಹೇಳು" ಎಂದು ನನ್ನ ಕೈಯಲ್ಲಿ ಹೇಳಿಸತೊಡಗಿದರು. ಆಯುಷ್ಯವಿಡೀ ಒಬ್ಬರಿಗೊಬ್ಬರು ಮಾತಾಡಿದ ಗಂಡ ಹೆಂಡತಿಯ ನಡುವೆ ಈಗ ನಾನು! ಮಾವನ ಎದುರು ಬಾಯಿ ಬಿಡಬಾರದಿದ್ದ ಸೊಸೆ ದಿನಕ್ಕೆ ನೂರು ಸಲ ಹೊಸ್ತಿಲಿಗೂ ಒಲೆಗೂ ತಿರುಗಿ ಬೇಸತ್ತುಹೋದೆ.

ಒಂದು ದಿನ ಮಾವನವರನ್ನು ಕೇಳಿಯೇಬಿಟ್ಟೆ. "ಅತ್ತಿ ಇಲ್ಲೇ ಅದಾರಲ್ರಿ, ಅವರನ್ನ ಕೇಳ್ರಿ."

ಮಾವನವರು ಅಂಗಳದ ಕಡೆ ನೋಡುತ್ತ, "ಆಕಿ ಏನ್ ಕೇಳಿದ್ರೂ ಹೂನ್ರಿ ಅಂತಾಳವಾ," ಎಂದರು. "ಆಕಿ ಮಾತು ನಂಬೇ ಆಕೀನ್ನ ಕಳಕೊಳ್ಳೋದಿತ್ತು. ನನಗ ಅಂಜಿಕಿ ಆಕ್ಕೈತಿ."

ಇದನ್ನು ನಾನು ಅತ್ತೆಗೆ ಹೇಳಿದೆ, ಒಂದು ಅಕ್ಷರವನ್ನೂ ಸೋಸದೆ. ಅವರು ಸೊಪ್ಪು ಸೋಸುತ್ತಲೇ ಇದ್ದರು.

ಗ್ಯಾಸು ಬಂದರೂ ದಮ್ಮು ಪೂರ್ತಿ ಹೋಗಲಿಲ್ಲ. ಮುಂದಿನ ಮಳೆಗಾಲದ ಒಂದು ಮುಂಜಾನೆ ಅತ್ತೆಯ ಎದೆ ಮತ್ತೆ ಸುಂಯ್ ಎನ್ನುತ್ತಿತ್ತು. ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಹೊರಗೆ ಕೆಮ್ಮು ಕೇಳಿಸಿತು. "ನಿಮ್ಮತ್ತಿ ಹೆಂಗದಾಳವಾ?" ಎಂದರು ಮಾವನವರು. ಅತ್ತೆ ನನ್ನ ಸೀರೆಯ ತುದಿ ಹಿಡಿದು ಜಗ್ಗಿ, "ಆರಾಮ ಅದಾರ ಅಂತ ಹೇಳು" ಎಂದು ಪಿಸುಗುಟ್ಟಿದರು. ಆ ಪಿಸುಮಾತನ್ನೂ ಪೂರ್ತಿ ಮಾಡಲು ಅವರಿಗೆ ಉಸಿರು ಸಾಲಲಿಲ್ಲ.

"ನಾ ಹೇಳಾಂಗಿಲ್ರಿ," ಎಂದೆ, ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ. "ನನಗ ಸಾಕಾಗೈತಿ. ಒಳಗ ಬಂದು ನೀವ ಕೇಳ್ರಿ, ಅವರ ಹೇಳ್ಲಿ."

ಹೊರಗೆ ಚಪ್ಪಲಿ ಬಿಡುವ ಸಪ್ಪಳವಾಯಿತು. ಮಾವನವರು ಹೊಸ್ತಿಲು ದಾಟಿ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಸುತ್ತ ನೋಡಿ, ಕೊನೆಗೆ ಅತ್ತೆಯ ಎದುರು ಬರಿ ನೆಲದ ಮೇಲೆ ಕುಳಿತರು. ನಾನು ಬಾಗಿಲ ಹಿಂದೆ ಹೋಗಲಿಲ್ಲ, ಒಲೆ ಆರಿಸಿ ಅಲ್ಲೇ ನಿಂತೆ.

"ದಮ್ಮು ಐತೇನ?" ಎಂದು ಅವರು ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ನಾನು ಕಣ್ಣಿನಿಂದಲೇ ಮಾವನವರ ಕಡೆ ತೋರಿಸಿದೆ. ಅವರು ಗಂಡನ ಮುಖ ನೋಡಿದರು, ತಲೆ ತಗ್ಗಿಸಿದರು.

"ಐತ್ರಿ," ಎಂದರು. "ಭಾಳ ಐತ್ರಿ."